ನಿಂತು ಬಳೆ ತೊಟ್ಟವಳು

ಕಾಸರಗೋಡು ಕೇರಳಕ್ಕೆ ಸೇರುವುದಕ್ಕೆ ಮೂರ್ನಾಲ್ಕು ವರ್ಷ ಮೊದಲಿನ ಮಾತು ಇದು. ಆಗ ನಮ್ಮದು ದಕ್ಷಿಣ ಕನ್ನಡ ಜಿಲ್ಲೆ, ಸರಕಾರ ಮದ್ರಾಸಿನದ್ದು. ಕರಾವಳಿಯ ಒಂದು ಸರಕಾರಿ ಡಿಸ್ಪೆನ್ಸರಿಯಲ್ಲಿ ನಾನು ಆಯಾ ಆಗಿದ್ದೆ. ಹೆರಿಗೆ ಕೋಣೆ ತೊಳೆಯುವುದು, ಬಟ್ಟೆ ಕುದಿಸುವುದು, ಬಂದ ಹೆಂಗಸರ ಕೈ ಹಿಡಿದು ಕೂತುಕೊಳ್ಳುವುದು ಆಯಾಳ ಕೆಲಸ. ಆದರೆ ನನ್ನ ನಿಜವಾದ ಕೆಲಸ ಮಾತಿನದ್ದು. ಅಪ್ಪ ಶಿರಿಯ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದರು. ಕಡವಿನಲ್ಲಿ ಬೆಳೆದ ಮಕ್ಕಳಿಗೆ ಯಾರೂ ಭಾಷೆ ಕಲಿಸಬೇಕಾಗಿಲ್ಲ. ಮನೆಯಲ್ಲಿ ತುಳು, ನೆರೆಮನೆಯಲ್ಲಿ ಬ್ಯಾರಿ, ದೋಣಿ ಹತ್ತುವ ವ್ಯಾಪಾರದವರದ್ದು ಮಲಯಾಳ, ಶಾಲೆಯಲ್ಲಿ ಕನ್ನಡ. ನನ್ನ ಶಾಲೆ ಮೂರನೆಯ ಕ್ಲಾಸಿಗೆ ಮುಗಿಯಿತು. ಅಮ್ಮ ತೀರಿಕೊಂಡ ಮೇಲೆ ತಂಗಿ ಅಪ್ಪಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅವಳಿಗೆ ಆಗ ನಡೆಯಲು ಬರುತ್ತಿರಲಿಲ್ಲ.

ಡಿಸ್ಪೆನ್ಸರಿಗೆ ಬಂದ ಲೇಡಿ ಡಾಕ್ಟರು ಮೈಸೂರು ಕಡೆಯವರು. ಅವರಿಗೆ ತುಳು ಬಾರದು. ನಮ್ಮ ಕಡೆಯ ಹೆಂಗಸರಿಗೆ ಅವರ ಕನ್ನಡ ಪುಸ್ತಕ ಓದಿದಂತೆ ಕೇಳುತ್ತಿತ್ತು. ಹಾಗಾಗಿ ಅವರ ಕುರ್ಚಿಗೂ ರೋಗಿಯ ಬೆಂಚಿಗೂ ನಡುವೆ ನನಗೊಂದು ಸ್ಟೂಲು ಸಿಕ್ಕಿತು.

ಬಂದ ಹೊಸತರಲ್ಲಿ ಅವರು ಒಂದು ದಿನ ಪೆನ್ನು ಕೆಳಗಿಟ್ಟು ಕೇಳಿದರು. "ಕಲ್ಯಾಣಿ, ಈ ಊರಿನ ಹೆಂಗಸರಿಗೆ ಸೊಂಟ ನೋವು ಬಿಟ್ಟು ಬೇರೆ ಏನೂ ಬರೋದಿಲ್ಲವಾ?"

"ಸೊಂಟ ನೋವು ಅಂದ್ರೆ ಹೊಸಿಲು ಅಮ್ಮ" ಎಂದೆ. "ಒಳಗೆ ಬರ್ಲಾ ಅಂತ ಕೇಳುವುದು. ಒಳಗೆ ಎಂತ ಉಂಟು ಅಂತ ಮತ್ತೆ ನಾವು ಕೇಳ್ಬೇಕು."

ಬಿಳಿ ಹೋಗುವುದು, ತಿಂಗಳ ರಕ್ತ ನಿಲ್ಲದಿರುವುದು, ಗರ್ಭಕೋಶ ಜಾರಿ ಕೆಳಗೆ ಬರುವುದು, ಗಂಡ ಒದ್ದದ್ದು, ಎಲ್ಲಕ್ಕೂ ನಮ್ಮಲ್ಲಿ ಸೊಂಟ ನೋವು ಎಂದೇ ಹೆಸರು. ಮಾನವಂತ ಹೆಂಗಸು ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅವಳು ಹೇಳದಿದ್ದುದನ್ನು ಎರಡನೆಯ ಪ್ರಶ್ನೆ ಕೇಳಿ ಹೊರಗೆ ತರಬೇಕು. ಆ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲ. ಗುಡ್ಡದ ಮನೆಗಳಲ್ಲಿ ನೀರು ಬರುವುದು ಸುರಂಗದಿಂದ, ಅಂದರೆ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಬಾವಿಯಿಂದ. ಅಲ್ಲಿಯವರಿಗೆ, "ಸುರಂಗದ ಹತ್ತಿರ ಕೊಡ ಎತ್ತುವಾಗ ಎಂತ ಆಗ್ತದೆ?" ಎಂದು ಕೇಳುತ್ತಿದ್ದೆ. ಕಡಲಿಗೆ ಹೋಗುವವರ ಹೆಂಡಂದಿರಿಗೆ, "ಗಂಡ ಕಡಲಲ್ಲಿ ಇರುವಾಗ ನೋವು ಹೆಚ್ಚೋ, ಮನೆಯಲ್ಲಿ ಇರುವಾಗಲೋ?" ಎಂದರೆ ಮೊದಲು ನಗು ಬರುತ್ತಿತ್ತು, ಅದರ ಹಿಂದೆ ನಿಜ. ಯಾವ ಉತ್ತರಕ್ಕೆ ಯಾವ ಕಾಯಿಲೆ ಎಂಬುದನ್ನು ಡಾಕ್ಟ್ರಮ್ಮ ತಾಳ್ಮೆಯಿಂದ ಕಲಿಸಿದರು. ಕೇಳುವ ದಾರಿ ನನ್ನದು, ಅರ್ಥ ಅವರದು. ಹೀಗೆ ನಮ್ಮಿಬ್ಬರ ಕೆಲಸ ಚೆನ್ನಾಗಿ ಕೂಡಿಬಂತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನಗೆ ಬರುತ್ತಿದ್ದ ಕೆಲಸ ಯಾವುದು ಎಂದು ನಿಮಗೆ ಗೊತ್ತಾಗದಿದ್ದರೆ ನಾನು ತಪ್ಪಿದ್ದು ಎಲ್ಲಿ ಎಂಬುದೂ ಗೊತ್ತಾಗುವುದಿಲ್ಲ.

ಪೇಟೆಯಲ್ಲಿ ವಕೀಲರೊಬ್ಬರ ಹೆಂಡತಿ ಶಾರದಮ್ಮ ಎಂಬವರಿದ್ದರು. ಅವರೂ ಅವರ ಗೆಳತಿಯರೂ ಸೇರಿ ಭಜನೆ, ಹೊಲಿಗೆ ನಡೆಸುತ್ತಿದ್ದರು. ಕುಂಬ್ಡಾಜೆಯ ಗುಡ್ಡಗಳ ಮೇಲಿನ ಹೆಂಗಸರು ಕೆಳಗೆ ಇಳಿದು ಬರುವುದೇ ಇಲ್ಲ, ಅವರಿಗಾಗಿ ಒಂದು ದಿನದ ಕೂಟ ಮಾಡೋಣ, ಡಾಕ್ಟ್ರಮ್ಮನನ್ನೂ ಕರೆದುಕೊಂಡು ಹೋಗೋಣ ಎಂದು ಅವರಿಗೆ ಮನಸ್ಸಾಯಿತು. ಸಂಬಳವಿಲ್ಲದ ಕೆಲಸ. ಬರುವವರು ಬನ್ನಿ ಎಂದರು. ನಾನು ಹೋದೆ. ನನ್ನ ಜೊತೆ ಐಸಮ್ಮನೂ ಬಂದಳು. ಅವಳು ಶಿರಿಯದಲ್ಲಿ ನಮ್ಮ ನೆರೆಮನೆಯವಳು. ಗಂಡ ತೀರಿದ ಮೇಲೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಮಾರುತ್ತಿದ್ದಳು. ಗುಡ್ಡದ ಯಾವ ನಾಯಿ ಕಚ್ಚುತ್ತದೆ, ಯಾವ ಅತ್ತೆ ಕಚ್ಚುತ್ತಾಳೆ ಎಂಬುದು ಅವಳಿಗೆ ಬಾಯಿಪಾಠ.

ಮೊದಲ ಸಭೆಯಲ್ಲಿ ಶಾರದಮ್ಮ, "ಹೆಂಗಸರ ಆರೋಗ್ಯ ಶಿಬಿರ ಅಂತ ನೋಟೀಸು ಅಂಟಿಸುವ" ಎಂದರು.

ಐಸಮ್ಮ ಬಾಯಿಯ ವೀಳ್ಯ ಬದಿಗೆ ಸರಿಸಿದಳು. "ಅಂಟಿಸಿ ಅಮ್ಮ, ಆಡುಗಳು ತಿಂತವೆ. ಡಾಕ್ಟ್ರು ಬರ್ತಾರೆ ಅಂದ್ರೆ ಯಾವ ಅತ್ತೆ ಸೊಸೆಯನ್ನು ಕಳಿಸ್ತಾಳೆ? ಬಳೆ ಹಾಕಿಸ್ತಾರೆ ಅಂತ ಹೇಳಿ. ಅತ್ತೆಯೂ ಬರ್ತಾಳೆ."

ಹಾಗೆಯೇ ಆಯಿತು. ಬಳೆಗಾರನೊಬ್ಬನನ್ನು ಗೊತ್ತು ಮಾಡಿದೆವು. ಬಿಸು ಹಬ್ಬ ಕಳೆದು ಶಾಲೆಗೆ ರಜೆ ಇರುವಾಗ ಗುಡ್ಡದ ಶಾಲೆಯಲ್ಲಿ ಕೂಟ ಎಂದು ನಿಶ್ಚಯವಾಯಿತು. ಆದರೆ ನಮ್ಮ ಕಡೆ ಹೇಳಿಕೆ ಇಲ್ಲದೆ ಹೆಂಗಸರು ಎಲ್ಲಿಗೂ ಹೋಗುವವರಲ್ಲ. ಹೇಳಿಕೆ ಎಂದರೆ ಕರೆ. ಮನೆಯ ಜಗಲಿಗೆ ಹೋಗಿ, ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಹಿರಿಯರನ್ನು ಮೊದಲು ಕೇಳಿ, ಮತ್ತೆ ಒಳಗಿನವರನ್ನು ಕರೆಯಬೇಕು. ಡಿಸ್ಪೆನ್ಸರಿಯಲ್ಲಿ ಡಾಕ್ಟ್ರಮ್ಮ ರಜೆ ಕೊಟ್ಟರು. ನಾನೂ ಐಸಮ್ಮನೂ ಗುಡ್ಡದಿಂದ ಗುಡ್ಡಕ್ಕೆ ಹೇಳಿಕೆ ಹೇಳುತ್ತಾ ನಡೆದೆವು.

ಅದೇ ಸಮಯದಲ್ಲಿ ಅಪ್ಪಿಗೆ ಮೂರನೆಯ ಹೆರಿಗೆ. ಅವಳನ್ನು ಕೊಟ್ಟದ್ದು ಕುಂಬ್ಡಾಜೆಗೇ, ಆ ಶಾಲೆಯಿಂದ ಆಚೆಯ ಗುಡ್ಡಕ್ಕೆ. ಹೆರಿಗೆ ಮಾಡಿಸಿದ್ದು ನಾನೇ. ಹೆಣ್ಣು ಮಗು. ಅಮ್ಮ ಇಲ್ಲದ ಮೇಲೆ ಬಾಣಂತನ ಅಕ್ಕನದ್ದು. ನಲುವತ್ತು ದಿನ ಬಾಣಂತಿ ನೀರಿನ ಕೊಡ ಮುಟ್ಟಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಅದನ್ನು ನಾನು ಅವಳ ಅತ್ತೆಗೆ ನೆನಪಿಸಿದೆ.

"ನೀನು ಇರುವಷ್ಟು ದಿನ ಮುಟ್ಟುವುದಿಲ್ಲ ಬಿಡು" ಎಂದರು ಅತ್ತೆ.

ಆ ಮಾತಿನ ಅರ್ಥ ನನಗೆ ಆಗಲಿಲ್ಲವೆಂದಲ್ಲ. ವಾರ ಕಳೆಯುವುದರೊಳಗೆ ಶಾರದಮ್ಮನಿಂದ ಹೇಳಿ ಕಳಿಸಿದ್ದು ಬಂತು: ಇನ್ನೊಂದು ಬದಿಯ ಮನೆಗಳಿಗೆ ಹೇಳಿಕೆ ಆಗಿಲ್ಲ, ಕಲ್ಯಾಣಿ ಬಂದರೆ ಒಳ್ಳೆಯದಿತ್ತು. ಒಳ್ಳೆಯದಿತ್ತು ಎಂದಿದ್ದರೇ ಹೊರತು ಬರಲೇಬೇಕು ಎಂದಿರಲಿಲ್ಲ. ಐಸಮ್ಮ ಒಬ್ಬಳೇ ಹೋಗಬಹುದಿತ್ತು. ಆದರೆ ನಾನಿಲ್ಲದೆ ಕೂಟ ಆಗುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತ್ತು. ಪೇಟೆಯ ದೊಡ್ಡ ಮನೆಯ ಜಗಲಿಯಲ್ಲಿ ನನ್ನ ಮಾತು ಕೇಳುತ್ತಿದ್ದರು. ಅದರ ರುಚಿ ಹತ್ತಿತ್ತು.

ಅಪ್ಪಿ ಮಗುವಿಗೆ ಹಾಲು ಕೊಡುತ್ತಿದ್ದಳು. "ಹೋಗು ಅಕ್ಕ. ನನಗೆ ಎಂತ ಆಗ್ಲಿಕ್ಕುಂಟು?" ಎಂದಳು.

ನಾನು ಹೋದೆ.

ಕೂಟದವರೆಗೂ ಅಪ್ಪಿಯ ಮನೆಗೆ ತಿರುಗಿ ಹೋಗಲಿಲ್ಲ. ಕೂಟದ ದಿನ ಬೆಳಿಗ್ಗೆ ಶಾಲೆಯ ಒಂದು ಮೂಲೆಗೆ ಎರಡು ಸೀರೆ ಅಡ್ಡ ಕಟ್ಟಿ ಡಾಕ್ಟ್ರಮ್ಮನಿಗೆ ಕೋಣೆ ಮಾಡಿದೆವು. ಶಾರದಮ್ಮನ ಗೆಳತಿಯರು ಬೆಲ್ಲದ ಕಾಫಿ, ಒಗ್ಗರಣೆ ಹಾಕಿದ ಅವಲಕ್ಕಿ ಮಾಡಿದರು. ಅಂಗಳದಲ್ಲಿ ಮುರಕಲ್ಲಿನ ಕಟ್ಟೆಯ ಮರದ ನೆರಳಿಗೆ ಬಳೆಗಾರ ಅಜ್ಜ ಚಾಪೆ ಹಾಸಿ ಕೂತ. ಬಿಸಿಲು ಏರುವಾಗ ನಾಲ್ಕೂ ಕಡೆಯ ಗುಡ್ಡಗಳಿಂದ ಹೆಂಗಸರು ಇಳಿಯತೊಡಗಿದರು. ಅತ್ತೆಯಂದಿರು ಮುಂದೆ, ಸೊಸೆಯಂದಿರು ಹಿಂದೆ, ಮಕ್ಕಳು ಸೊಂಟದಲ್ಲಿ. ಶಾರದಮ್ಮ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡರು. ಇಷ್ಟು ಜನ ಬರುತ್ತಾರೆ ಎಂದು ಅವರು ನಂಬಿರಲಿಲ್ಲ. ನಾನು ನಂಬಿದ್ದೆ.

ಸಾಲು ನೋಡಿಕೊಳ್ಳುವ ಕೆಲಸ ಐಸಮ್ಮನದ್ದು. ಸೊಸೆಯ ಹಿಂದೆಯೇ ಪರದೆಯೊಳಗೆ ನುಗ್ಗಲು ಬಂದ ಒಬ್ಬ ಹಿರಿಯಾಕೆ, "ನನಗೆ ಎಂತದೂ ಇಲ್ಲ. ಇವಳಿಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಬಂದೆ" ಎಂದರು.

"ನೋಡಿ ಅಜ್ಜಿ, ನೋಡಿ" ಎಂದಳು ಐಸಮ್ಮ. "ಆದ್ರೆ ನಿಮ್ಮ ಕೈಗೆ ಆಗುವ ಹಸಿರು ಬಳೆ ಮುಗೀಲಿಕ್ಕೆ ಆಯ್ತು ಅಂತ ಬಳೆಯ ಅಜ್ಜ ಹೇಳ್ತಿದ್ದ."

ಅಜ್ಜಿ ಅಂಗಳಕ್ಕೆ ಓಡಿದರು. ಸೊಸೆ ಒಬ್ಬಳೇ ಒಳಗೆ ಬಂದಳು.

ಅಂದು ನನ್ನ ನಾಲಿಗೆಗೆ ಬಿಡುವಿರಲಿಲ್ಲ. ಒಬ್ಬೊಬ್ಬಳೂ ಬಂದು ಸೊಂಟ ನೋವು ಎನ್ನುವುದು, ನಾನು ಎರಡನೆಯ ಪ್ರಶ್ನೆ ಕೇಳುವುದು, ಅವಳು ತಲೆ ತಗ್ಗಿಸಿ ಹೇಳುವುದು, ನಾನು ಅದನ್ನು ಮುಚ್ಚುಮರೆ ಇಲ್ಲದೆ ಡಾಕ್ಟ್ರಮ್ಮನಿಗೆ ಕನ್ನಡದಲ್ಲಿ ಹೇಳುವುದು. ಎಂಥ ಮಾತಿಗೂ ನಾನು ನಾಚಲಿಲ್ಲ. ಗರ್ಭಕೋಶ ಜಾರಿದವರೇ ಹಲವರಿದ್ದರು. ಅಂಥವರಿಗೆ ರಿಂಗ್ ಹಾಕುತ್ತಾರೆ. ಅದು ರಬ್ಬರಿನ ಒಂದು ಬಳೆ, ಒಳಗೆ ಇಟ್ಟರೆ ಜಾರಿದ್ದನ್ನು ತಡೆದು ಹಿಡಿಯುತ್ತದೆ. ಡಾಕ್ಟ್ರಮ್ಮ ಒಂದಷ್ಟು ತಂದಿದ್ದರು. ಒಬ್ಬಾಕೆ ಎದ್ದು ನಿಂತು, ಎರಡು ಹೆಜ್ಜೆ ನಡೆದು ನೋಡಿ, "ಹೊರಗೆ ಗಾಜಿನ ಬಳೆ, ಒಳಗೆ ರಬ್ಬರಿನದ್ದು. ಇವತ್ತು ಲಾಭವೇ" ಎಂದಳು. ಅದನ್ನು ಕನ್ನಡಕ್ಕೆ ಮಾಡಿ ಹೇಳಿದಾಗ ಡಾಕ್ಟ್ರಮ್ಮ ನಕ್ಕ ನಗು ಇನ್ನೂ ನೆನಪಿದೆ.

ಮಧ್ಯಾಹ್ನದ ಮೇಲೆ ಸೀರೆ ಸರಿಸಿ ಅಪ್ಪಿ ಬಂದಳು.

ಅವಳ ಮುಖ ಹಳದಿಯಾಗಿತ್ತು. ಬೆಂಚಿನ ಮೇಲೆ ಪೂರ್ತಿ ಕೂರಲಿಲ್ಲ, ಅಂಚಿಗೆ ಒರಗಿದಳು. ನನ್ನನ್ನು ನೋಡಿ ಸಣ್ಣಗೆ ನಕ್ಕಳು. "ಸೊಂಟ ನೋವು" ಎಂದು ಕಾದಳು.

ಬಾಯಿಯ ತುದಿಯಲ್ಲಿ ಪ್ರಶ್ನೆ ಇತ್ತು. ಸುರಂಗದ ಹತ್ತಿರ ಕೊಡ ಎತ್ತುವಾಗ ಎಂತ ಆಗ್ತದೆ? ಬೆಳಿಗ್ಗೆಯಿಂದ ಎಷ್ಟೋ ಮಂದಿಗೆ ಕೇಳಿದ ಪ್ರಶ್ನೆ ಅದು. ಕೇಳಿದರೆ ಅವಳು ಉತ್ತರ ಹೇಳುತ್ತಾಳೆ. ಯಾವಾಗಿನಿಂದ ಎಂದು ಡಾಕ್ಟ್ರಮ್ಮ ಕೇಳುತ್ತಾರೆ. ನಲುವತ್ತು ದಿನ ತುಂಬುವ ಮೊದಲೇ ಕೊಡ ಹೊತ್ತೆ ಎಂದು ಅವಳು ಹೇಳುತ್ತಾಳೆ. ಬಾಣಂತನಕ್ಕೆ ಯಾರೂ ಇರಲಿಲ್ಲವಾ ಎಂದು ಅವರು ಕೇಳುತ್ತಾರೆ. ಅದಕ್ಕೆ ಬರುವ ಉತ್ತರವನ್ನು ನಾನೇ ನನ್ನ ಬಾಯಿಯಿಂದ ಕನ್ನಡಕ್ಕೆ ಮಾಡಿ ಹೇಳಬೇಕು.

"ಸೊಂಟ ನೋವಂತೆ ಅಮ್ಮ. ಬಾಣಂತಿ. ನನ್ನ ತಂಗಿ" ಎಂದೆ. ಅಷ್ಟೇ ಹೇಳಿದೆ.

ಡಾಕ್ಟ್ರಮ್ಮ ನನ್ನ ಮುಖ ನೋಡಿದರು. ಮತ್ತೇನಾದರೂ ಬರುತ್ತದೆಯೇ ಎಂದು ಕಾದರು. ಬರಲಿಲ್ಲ. ತಿಕ್ಕಲು ಎಣ್ಣೆಯನ್ನೂ ರಕ್ತ ಹೆಚ್ಚುವ ಔಷಧಿಯನ್ನೂ ಕೊಟ್ಟರು. ಅಪ್ಪಿ ಸೀಸೆಗಳನ್ನು ಸೆರಗಿಗೆ ಕಟ್ಟಿಕೊಂಡಳು. ಹೋಗುವ ಮೊದಲು ಒಮ್ಮೆ ನನ್ನ ಕಡೆ ನೋಡಿದಳು.

ಅವಳ ಹಿಂದೆ ಬಂದವಳಿಗೆ ನಾನು ಪ್ರಶ್ನೆ ಕೇಳಿದೆ, ಸರಿಯಾಗಿಯೇ ಕೇಳಿದೆ. ಕೇಳುತ್ತಿರುವಾಗ ಶಾಲೆಯ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಬಳೆಗಾರನ ಚಾಪೆಯ ಸುತ್ತ ಹೆಂಗಸರು ಕುಕ್ಕರುಗಾಲಲ್ಲಿ ಕೂತಿದ್ದರು. ಅಪ್ಪಿ ಮಾತ್ರ ನಿಂತು ಕೈ ಕೆಳಗೆ ಚಾಚಿದ್ದಳು.

"ಕೂತ್ಕೊ ಮಗಾ, ಬಳೆ ಒಡೀತದೆ" ಎಂದ ಅಜ್ಜ.

"ಹೀಗೇ ಹಾಕಿ ಅಜ್ಜ. ಬೇಗ ಹೋಗ್ಲಿಕ್ಕುಂಟು."

"ನಿಂತು ಬಳೆ ಹಾಕಿಸಿಕೊಳ್ಳುವವಳನ್ನು ನಾನು ಇವತ್ತೇ ನೋಡಿದ್ದು ಮಾರಾಯ್ತಿ."

ಸುತ್ತಲಿನವರು ನಕ್ಕರು. ಅವಳಿಗೆ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ ಎಂಬುದು ಕಿಟಕಿಯ ಈಚೆ ಇದ್ದ ನನಗೆ ಗೊತ್ತಾಯಿತು. ರಿಂಗುಗಳು ಇನ್ನೂ ಉಳಿದಿದ್ದವು. ಡಾಕ್ಟ್ರಮ್ಮ ನನ್ನ ಪಕ್ಕದಲ್ಲೇ ಇದ್ದರು. ಎದ್ದು ಅಂಗಳಕ್ಕೆ ಹೋಗಿ ಅವಳ ಕೈ ಹಿಡಿದು ತರುವುದಷ್ಟೇ ಬಾಕಿ. ನಾನು ಸ್ಟೂಲಿನಿಂದ ಏಳಲಿಲ್ಲ. ಹಸಿರು ಬಳೆಯ ಕೈಯಲ್ಲಿ ಯಾರದೋ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಅವಳು ಗುಡ್ಡ ಹತ್ತಿದಳು.

ಸಂಜೆ ಬಸ್ಸಿಗಾಗಿ ಇಳಿಯುವಾಗ ಎಲ್ಲರೂ ಕೂಟದ ಸಂತೋಷದಲ್ಲಿದ್ದರು. ಕಲ್ಯಾಣಿಯಿಂದಾಗಿ ಇಷ್ಟಾಯಿತು ಎಂದು ಶಾರದಮ್ಮ ಎರಡು ಸಲ ಹೇಳಿದರು. ಐಸಮ್ಮ ಹಿಂದೆ ಉಳಿದು ನನ್ನ ಜೊತೆ ಹೆಜ್ಜೆ ಹಾಕಿದಳು.

"ಊರವರ ಸೊಂಟವನ್ನೆಲ್ಲ ವಿಚಾರಿಸಿದೆ" ಎಂದಳು. "ಅಪ್ಪಿಯದ್ದು ಬೇಡವಾಯ್ತಾ?"

"ಅವಳಿಗೆ ಔಷಧಿ ಕೊಟ್ಟಿದ್ದಾರೆ" ಎಂದೆ.

"ಎಣ್ಣೆ ಕೊಟ್ಟದ್ದು ನಾನೂ ನೋಡಿದೆ" ಎಂದು ಅವಳು ಮುಂದೆ ನಡೆದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಆಮೇಲೆ ಮಳೆ ಹಿಡಿಯಿತು. ಹೊಳೆ ತುಂಬಿತು, ದಾರಿ ಕೆಟ್ಟಿತು, ಡಿಸ್ಪೆನ್ಸರಿಯಲ್ಲಿ ಜ್ವರದವರ ಸಾಲು. ಹೋಗದಿರಲು ಕಾರಣ ಹುಡುಕುವವರಿಗೆ ನಮ್ಮ ಕಡೆಯ ಮಳೆಗಾಲದಂಥ ಉಪಕಾರ ಬೇರಿಲ್ಲ. ಗುಡ್ಡದಿಂದ ಯಾರಾದರೂ ಬಂದರೆ ಅಪ್ಪಿ ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. ಇದ್ದಾಳೆ ಎನ್ನುತ್ತಿದ್ದರು. ಅಲ್ಲಿಯೂ ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ.

ಮಳೆ ಬಿಟ್ಟ ಮೇಲೆ ಶಾರದಮ್ಮ ಎರಡನೆಯ ಕೂಟದ ಮಾತೆತ್ತಿದರು. ಹೇಳಿಕೆ ಹೇಳಲು ಮತ್ತೆ ಗುಡ್ಡಗಳಿಗೆ ಹೋಗಬೇಕು. ಯಾವ ಮನೆಯಿಂದ ಸುರು ಮಾಡೋಣ ಎಂದು ಐಸಮ್ಮ ಕೇಳಿದಳು. ಕೇಳಿದ ರೀತಿಯಲ್ಲೇ ಉತ್ತರ ಇತ್ತು. ಮರುದಿನ ನಾನು ಒಬ್ಬಳೇ ಅಪ್ಪಿಯ ಮನೆಗೆ ಹೋದೆ.

ಅವಳು ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಒಂದು ಬದಿಗೆ ಮಲಗಿದ್ದಳು. ಹತ್ತಿರ ಹೋದಾಗ ವಾಸನೆಯಿಂದಲೇ ಹುಣ್ಣಾಗಿದೆ ಎಂದು ತಿಳಿಯಿತು. ಜಾರಿದ ಗರ್ಭಕೋಶವನ್ನು ಹಾಗೇ ಬಿಟ್ಟರೆ ಬಟ್ಟೆಗೆ ಉಜ್ಜಿ ಹುಣ್ಣಾಗುತ್ತದೆ. ಅಷ್ಟು ತಿಳಿಯುವಷ್ಟು ಕೆಲಸ ನಾನು ಕಲಿತಿದ್ದೆ. ಅವಳ ತಲೆಯ ಹತ್ತಿರ ನೆಲದ ಮೇಲೆ ಕೂತು ಕೇಳಿದೆ.

"ಅಪ್ಪಿ, ಕೊಡ ಎತ್ತುವಾಗ ಎಂತ ಆಗ್ತದೆ?"

ಅವಳು ತಲೆ ಮೇಲಿನ ಮಾಡು ನೋಡುತ್ತಾ ಹೇಳಿದಳು. "ಆವತ್ತು ಸಾಲಿನಲ್ಲಿ ಎಲ್ಲರೂ ಹೇಳ್ತಿದ್ರು ಅಕ್ಕ. ಒಳಗೆ ಸೊಂಟ ನೋವು ಅಂತ ಹೇಳಿದ್ರೆ ಸಾಕು, ಉಳಿದದ್ದು ಆ ಆಯಾ ಕೇಳ್ತಾಳೆ, ಒಳ್ಳೆಯವಳು ಅಂತ. ಅದು ನನ್ನ ಅಕ್ಕ ಅಂತ ನಾನು ಹೇಳ್ಕೊಂಡೆ. ಒಳಗೆ ಬಂದು ಅಷ್ಟೇ ಹೇಳಿದೆ. ನೀನು ಕೇಳ್ಲೇ ಇಲ್ಲ."

"ನೀನಾದರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ?" ನಾನು ಈ ಮಾತೂ ಆಡಿದೆ. ಅದನ್ನು ಮುಚ್ಚಿಡುವುದಿಲ್ಲ.

"ನೀನು ಕೇಳದ್ದನ್ನು ನಾನು ಹೇಗೆ ಹೇಳುವುದು? ಕೇಳುವಂಥದ್ದು ಅಲ್ಲವೇನೋ ಅಂತ ಗ್ರಹಿಸಿದೆ."

ಅದೇ ದಿನ ಜೋಲಿ ಕಟ್ಟಿ ನಾಲ್ಕು ಜನ ಹೊತ್ತು ಅವಳನ್ನು ಕೆಳಗೆ ಇಳಿಸಿದೆವು. ಅತ್ತೆ ಅಡ್ಡ ಬರಲಿಲ್ಲ, ಕುಡಿಯುವ ನೀರು ಹಿಡಿದುಕೊಂಡು ರಸ್ತೆಯವರೆಗೂ ಬಂದರು. ಮಗುವನ್ನು ನೆರೆಮನೆಯ ಬಾಣಂತಿಯ ಕೈಗೆ ಕೊಟ್ಟೆವು.

ಡಿಸ್ಪೆನ್ಸರಿಯಲ್ಲಿ ಡಾಕ್ಟ್ರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದಾಗ ನಾನು ನಡೆದದ್ದನ್ನೆಲ್ಲ ಹೇಳಿದೆ. ನನ್ನನ್ನು ಕೆಲಸದಿಂದ ತೆಗೆಯಬಹುದು ಎಂದುಕೊಂಡಿದ್ದೆ. ಅವರು ಕೈ ತೊಳೆಯುತ್ತಾ ಹೇಳಿದರು.

"ಆವತ್ತು ನನಗೂ ಅನುಮಾನ ಬಂದಿತ್ತು. ನಿನ್ನ ತಂಗಿ ಅಂದೆಯಲ್ಲ, ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತೆ ಅಂದುಕೊಂಡೆ. ಆವತ್ತೇ ಆಗಿದ್ದರೆ ಒಂದು ರಿಂಗ್ ಸಾಕಿತ್ತು." ಟವೆಲಿಗೆ ಕೈ ಒರೆಸಿದರು. "ಇನ್ನು ಮುಂದೆ ನಿನ್ನವರು ಯಾರು ಬಂದರೂ ನೀನು ಆ ಸ್ಟೂಲಿನಲ್ಲಿ ಕೂರಬಾರದು. ನಾನೂ ನೋಡುವುದಿಲ್ಲ ನನ್ನವರನ್ನು. ಡಾಕ್ಟರುಗಳಿಗೆ ಇರುವ ನಿಯಮವನ್ನೇ ನಿನಗೂ ಹೇಳ್ತಿದ್ದೇನೆ."

ಬೈದದ್ದೋ ಮೇಲಕ್ಕೇರಿಸಿದ್ದೋ ತಿಳಿಯಲಿಲ್ಲ. ಅವತ್ತಿನಿಂದ ಅದನ್ನು ಒಮ್ಮೆಯೂ ಮೀರಲಿಲ್ಲ.

ಅಪ್ಪಿಯನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹುಣ್ಣು ಮಾಗುವವರೆಗೆ ಮಲಗಿಸಿ, ಆಮೇಲೆ ಆಪರೇಷನ್ ಮಾಡಿದರು. ನಾನು ರಜೆ ಹಾಕಿ ಜೊತೆಗಿದ್ದೆ. ಅವಳು ಗುಣವಾಗಿ ಮನೆಗೆ ಬಂದಾಗ ಮಗು ನೆರೆಮನೆಯವಳ ಸೆರಗು ಹಿಡಿದು ಇವಳನ್ನು ನೋಡಿ ಅತ್ತಿತು. ಅದರ ಬಾಯಿಗೆ ಅಮ್ಮ ಎಂಬ ಮಾತು ಬಂದಾಗ ಅದು ಮೊದಲು ಸಂದದ್ದು ನೆರೆಮನೆಯವಳಿಗೆ. ಆಮೇಲೆ ಎಲ್ಲ ಸರಿಯಾಯಿತು, ಮಕ್ಕಳು ಬೇಗ ಮರೆಯುತ್ತವೆ. ಆದರೆ ಆ ಮೊದಲ ಮಾತನ್ನು ತಂದು ಕೊಡಲು ನನ್ನಿಂದ ಆಗಲಿಲ್ಲ. ಅಪ್ಪಿ ಈ ವಿಷಯವನ್ನು ನನ್ನೆದುರು ಎಂದೂ ಎತ್ತಿದವಳಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಆ ಕೆಲಸದಲ್ಲಿ ನಿವೃತ್ತಿಯವರೆಗೂ ಇದ್ದೆ. ರಾಜ್ಯ ಬದಲಾಯಿತು, ಕಾಗದಪತ್ರ ಮಲಯಾಳಕ್ಕೆ ಹೋಯಿತು, ಕೂಟಗಳನ್ನು ನಡೆಸುವವರು ಬದಲಾದರು. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಕೆಲಸ ಕಲಿಸಿದ್ದೇನೆ. ಎರಡನೆಯ ಪ್ರಶ್ನೆ ಕೇಳುವುದನ್ನು ಬುದ್ಧಿ ಇದ್ದವರು ಯಾರೂ ಕಲಿಯಬಹುದು. ಉತ್ತರದಲ್ಲಿ ನಮ್ಮ ಹೆಸರು ಬರುತ್ತದೆ ಎಂದು ಅನ್ನಿಸಿದಾಗ ಸ್ಟೂಲಿನಿಂದ ಎದ್ದು ಇನ್ನೊಬ್ಬರನ್ನು ಕೂರಿಸಬೇಕು. ಇದನ್ನು ಕಲಿಯಲು ಬುದ್ಧಿ ಸಾಲದು, ನನಗೂ ಸಾಲಲಿಲ್ಲ.

ಆಸ್ಪತ್ರೆಯಿಂದ ಬಂದ ಮರುವರ್ಷದ ಕೂಟಕ್ಕೆ ಅಪ್ಪಿ ಬಂದಳು. ನಾನೇ ಅವಳ ಮನೆಗೆ ಹೋಗಿ, ನೀರು ಬೆಲ್ಲ ತೆಗೆದುಕೊಂಡು, ಹಿರಿಯರನ್ನು ಮೊದಲು ಕೇಳಿ, ಕ್ರಮಪ್ರಕಾರ ಹೇಳಿಕೆ ಹೇಳಿದ್ದೆ. ಸಾಲಿನಲ್ಲಿ ಅವಳ ತಲೆ ಕಂಡಾಗ ನಾನು ಎದ್ದೆ. ಕೇಳುವ ಮೊದಲೇ ಐಸಮ್ಮ ಬಂದು ಸ್ಟೂಲಿನಲ್ಲಿ ಕೂತಳು. "ಹೋಗು, ಹೊರಗೆ ಗಾಳಿಯುಂಟು" ಎಂದಳು. ನಾನು ಅಂಗಳಕ್ಕೆ ಹೋಗಿ ಬಳೆಗಾರ ಅಜ್ಜನ ಚಾಪೆಯ ತುದಿಯಲ್ಲಿ ಕೂತೆ. ಒಳಗೆ ಏನು ಕೇಳಿದರು, ಅವಳು ಏನು ಹೇಳಿದಳು, ನನಗೆ ಇಂದಿಗೂ ಗೊತ್ತಿಲ್ಲ.

ತುಸು ಹೊತ್ತಿನ ಮೇಲೆ ಅಪ್ಪಿ ಬಂದಳು. ಚಾಪೆಯಲ್ಲಿ ಜಾಗವಿರಲಿಲ್ಲ.

"ಅಕ್ಕ, ಸ್ವಲ್ಪ ಆಚೆ ಸರಿ" ಎಂದಳು. ನಾನು ಸರಿದೆ. ಅವಳು ಕುಕ್ಕರುಗಾಲಲ್ಲಿ ಕೂತು, ಮೊಣಕಾಲ ಮೇಲೆ ಕೈಯೂರಿ ಅಜ್ಜನ ಮುಂದೆ ಚಾಚಿದಳು.